ಕೈಗುಣ ಯಾರದು

"ಅಪ್ಪಾವರೇ, ನನಗೆ ನಾಡಿ ನೋಡುವುದನ್ನು ಯಾವಾಗ ಕಲಿಸುತ್ತೀರಿ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನ ಹೆಸರು ಮುರಿಗೆಪ್ಪ. ಮಠದ ಆರೋಗ್ಯಶಾಲೆಗೆ ಬಂದು ಮೂರು ವರ್ಷವಾಗಿತ್ತು. ಮೂರು ವರ್ಷವೂ ರೋಗಿಗಳ ಮೈ ಒರೆಸಿದ್ದು, ಹಾಸಿಗೆ ಬದಲಿಸಿದ್ದು, ಮದ್ದು ಕುಡಿಸಿದ್ದು ಇಷ್ಟೇ ಆಗಿತ್ತು. "ಗುಣವಾದವರೆಲ್ಲ ನಿಮ್ಮ ಕೈ ಮುಟ್ಟಿ ನಮಸ್ಕರಿಸಿ ಹೋಗುತ್ತಾರೆ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನದೂ ಒಂದು ವಿದ್ಯೆಯೇ? ಕಲಿಸುವುದಿಲ್ಲವೆಂದರೆ ಹೇಳಿಬಿಡಿ, ಊರಿಗೆ ಹೋಗುತ್ತೇನೆ."

ಗುರುಗಳಿಗೆ ಸಿಟ್ಟು ಬರಲಿಲ್ಲ. "ಕೂತುಕೋ" ಎಂದು ಹೇಳಿ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಕೈಗುಣ ಸುತ್ತಲಿನ ಹತ್ತು ಹಳ್ಳಿಗೆ ಹೆಸರಾಗಿತ್ತು. ಅವನು ಮುಟ್ಟಿದರೆ ಸಾಕು, ಜ್ವರ ಇಳಿಯುತ್ತದೆ ಎನ್ನುತ್ತಿದ್ದರು. ಹೊಗಳಿಸಿಕೊಂಡು ಹೊಗಳಿಸಿಕೊಂಡು ವೈದ್ಯನಿಗೂ ತನ್ನ ಬಲಗೈಯ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಆ ಕೈಯಲ್ಲಿ ನೀರಿನ ತಂಬಿಗೆಯನ್ನೂ ಎತ್ತುತ್ತಿರಲಿಲ್ಲ. ಪಾಪ, ಕೆಟ್ಟವನೇನಲ್ಲ, ವಿದ್ಯೆ ನಿಜವಾಗಿಯೂ ಇತ್ತು.

ಅವನ ಮನೆಯಲ್ಲಿ ಇನ್ನೂ ಮೂವರು ಕೆಲಸಕ್ಕಿದ್ದರು. ಮದ್ದು ಅರೆಯುವ ಒಬ್ಬ ಮುದುಕ, ಪಥ್ಯದ ಅಡುಗೆ ಮಾಡುವ ಒಬ್ಬ ಹೆಂಗಸು, ರೋಗಿಗಳನ್ನು ನೋಡಿಕೊಳ್ಳುವ ಬಾಳವ್ವ. ಇವರ ಕೈಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಪಕ್ಕದ ಪಟ್ಟಣದ ವ್ಯಾಪಾರಿಯೊಬ್ಬನ ತಾಯಿಗೆ ಜ್ವರ ಬಂತು. ಯಾರ್ಯಾರು ಬೇಕೋ ಎಲ್ಲರನ್ನೂ ಕರೆದುಕೊಂಡು ಬನ್ನಿ ಎಂದು ಅವನು ಬಂಡಿ ಕಳಿಸಿದ. "ಕೈ ನನ್ನ ಜೋಡಿನ ಬರತೈತಲ್ಲ, ಮತ್ಯಾರು ಬೇಕು?" ಎಂದು ವೈದ್ಯ ಒಬ್ಬನೇ ಬಂಡಿ ಹತ್ತಿದ.

ಅದು ಅವನು ನೂರು ಸಲ ಇಳಿಸಿದ್ದ ಜ್ವರ. ನಾಡಿ ನೋಡಿ, ಗುಳಿಗೆ ಕೊಟ್ಟು, ಹೇಗೆ ನುಂಗಿಸಬೇಕೆಂದು ಸೊಸೆಯರಿಗೆ ಹೇಳಿದ. ಮೂರು ದಿನ ಕಳೆಯಿತು. ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಮುದುಕಿಗೆ ಮಗನ ಗುರುತೂ ಹತ್ತಲಿಲ್ಲ. ಗುಳಿಗೆ ಕೊಟ್ಟಿರಾ ಎಂದು ಕೇಳಿದರೆ ಸೊಸೆಯರು ಮೂರೂ ಹೊತ್ತು ಕೊಟ್ಟೆವೆಂದರು. ಅವರು ಸುಳ್ಳು ಹೇಳಿರಲಿಲ್ಲ.

ವೈದ್ಯ ಮತ್ತೆ ನಾಡಿ ಹಿಡಿದು ನೋಡಿದ. ಮುದುಕಿ ಹೋದರೆ ತನ್ನ ಹೆಸರೂ ಹೋಗುತ್ತದೆ ಎಂದು ಮೊದಲು ಹೆದರಿದ. ತಾಯಿಯ ಕಾಲು ಹಿಡಿದು ಅಳುತ್ತಿದ್ದ ಮಗನನ್ನು ನೋಡಿದ ಮೇಲೆ ಹೆಸರಿನ ಚಿಂತೆ ಬಿಟ್ಟು ಮುದುಕಿಗಾಗಿಯೇ ಹೆದರಿದ. ಬಂಡಿ ಕಳಿಸಿ ಮೂವರನ್ನೂ ಕರೆಸಿದ.

ಬಾಳವ್ವ ಬಂದವಳೇ ಯಾರನ್ನೂ ಏನೂ ಕೇಳಲಿಲ್ಲ. ಮುದುಕಿಯನ್ನು ಮೆಲ್ಲಗೆ ಹೊರಳಿಸಿ ಮೈ ಒರೆಸಿದಳು. ತಲೆದಿಂಬು ಎತ್ತಿದಳು. ಅದರ ಕೆಳಗೆ ಅರ್ಧ ಕರಗಿದ ಗುಳಿಗೆಗಳು ಬಿದ್ದಿದ್ದವು. ಬಾಯಿ ತೆರೆಸಿ ನೋಡಿದರೆ ಗಂಟಲ ತುಂಬ ಹುಣ್ಣು. ಮೊದಲ ದಿನ ಅದು ಇರಲಿಲ್ಲ, ಆಮೇಲೆ ಎದ್ದದ್ದು. ಇಷ್ಟು ದೊಡ್ಡ ಪಂಡಿತರ ಮದ್ದನ್ನು ನುಂಗಲಾರೆ ಎನ್ನಲು ಮುದುಕಿಗೆ ನಾಚಿಕೆ. ದವಡೆಯಲ್ಲಿ ಇಟ್ಟುಕೊಂಡು, ಸೊಸೆಯರು ಅತ್ತ ಹೋದ ಮೇಲೆ ಉಗುಳಿ ಬಚ್ಚಿಡುತ್ತಿದ್ದಳು.

ವೈದ್ಯ ಹುಣ್ಣಿಗೆ ಬೇರೆ ಮದ್ದು ಹೇಳಿದ. ಮದ್ದು ಅರೆಯುವ ಮುದುಕ ಗುಳಿಗೆಯನ್ನು ಜೇನುತುಪ್ಪದಲ್ಲಿ ನುಣ್ಣಗೆ ತೇಯ್ದ. ಅಡುಗೆಯವಳು ಒಂದು ಅಗುಳೂ ಉಳಿಯದಂತೆ ಗಂಜಿಯ ತಿಳಿ ಬಸಿದಳು. ಬಾಳವ್ವ ಒಂದೊಂದೇ ಹನಿ ಬಿಟ್ಟು, ಗಂಟಲು ಆಡಿದ್ದನ್ನು ನೋಡಿಯೇ ಇನ್ನೊಂದು ಹನಿ ಬಿಟ್ಟಳು. ಮೂರು ದಿನಕ್ಕೆ ಮುದುಕಿ ಮಗನನ್ನು ಹೆಸರು ಹಿಡಿದು ಕರೆದಳು.

"ನಾಕು ದಿನ ನಾಡಿ ಹಿಡದೆ. ನನಗ ತಿಳೀದದ್ದು ನಿನಗ ಹೆಂಗ ತಿಳೀತು?" ಎಂದು ವೈದ್ಯ ಕೇಳಿದ.

ಬಾಳವ್ವ ತಲೆಯೆತ್ತಿಯೇ ಹೇಳಿದಳು. "ಯಾವ ಮದ್ದು ಅನ್ನೂದು ನಿಮಗ ಗೊತ್ತೈತ್ರಿ, ನನಗ ತಿಳಿಯೂದಿಲ್ಲ. ಅದು ಹೊಟ್ಟಿಗೆ ಹೋತೋ ಇಲ್ಲೋ ಅನ್ನೂದು ನನಗ ಗೊತ್ತೈತಿ. ನಮ್ಮೂರಾಗ ದಿನಾ ಮುಂಜಾನೆ ನೀವು ನಾಡಿ ಹಿಡಿಯೂ ಮೊದಲ ನಾ ಹೇಳತಿದ್ದದ್ದು ಇದನ್ನ ಅಲ್ಲೇನ್ರಿ?"

ಹೌದು, ಹೇಳುತ್ತಿದ್ದಳು. ರೋಗಿ ಎಷ್ಟು ಉಂಡ, ಎಷ್ಟು ನಿದ್ದೆ ಮಾಡಿದ, ಎಲ್ಲಿ ನರಳಿದ. ಅವನು ಹೂಂಗುಟ್ಟುತ್ತ ಕೇಳಿ, ಆಮೇಲೆ ಎಲ್ಲವನ್ನೂ ನಾಡಿಯೇ ಹೇಳಿತೆಂದುಕೊಂಡಿದ್ದ. ವೈದ್ಯನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇಂಥವರು ತನ್ನ ಮನೆಯಲ್ಲಿದ್ದಾರೆಂದು ಹೆಮ್ಮೆಯಾಯಿತು.

ವ್ಯಾಪಾರಿ ಬಂಗಾರದ ಕಡಗ ತಂದ. "ನಮ್ಮವ್ವನ್ನ ಉಳಿಸಿದ ಕೈ ಮುಂದ ಮಾಡ್ರಿ, ತೊಡಸ್ತೀನಿ" ಎಂದ. ವೈದ್ಯ ಕೈ ಚಾಚಲಿಲ್ಲ. ಮೂವರನ್ನೂ ಕರೆದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ. ನಾಲ್ವರೂ ಎದೆಯುಬ್ಬಿಸಿ ನಿಂತರು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. "ಕಡಗ ಕೊನೆಗೆ ಬಾಳವ್ವನ ಕೈಗೇ ಬಂತು ತಾನೆ?" ಎಂದು ಕೇಳಿದ.

ಗುರುಗಳು ನಕ್ಕರು. "ಕಡಗ ತೊಟ್ಟ ಕೈಯಲ್ಲಿ ಮೈ ಒರೆಸಿದರೆ ರೋಗಿಗೆ ತರಚುತ್ತದೆ ಎಂಬುದು ನಿನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು, ತಮ್ಮಾ?"