ಸ್ಟಿಕರ್ ಕಿತ್ತ ಗಾಡಿ

"ಅಜ್ಜಾರ, ಮಾಡಿದ ತಪ್ಪಿನ ಗುರುತೆಲ್ಲಾ ಅಳಿಸಿ ಹಾಕಿದ ಮ್ಯಾಲೂ ಮನಷ್ಯಾನ ಅಂಜಿಕಿ ಯಾಕ ಹೋಗೂದಿಲ್ರೀ?" ಎಂದು ಮಠದ ಶಿಷ್ಯ ಅಡಿವೆಪ್ಪ ಕೇಳಿದ. ಮಠದ ಸ್ವಾಮಿಗಳಾದ ಅಜ್ಜನವರು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಟ್ಟವನೇನಲ್ಲ. ಹೊಸದಾಗಿ ಮೋಟಾರ್ ಸೈಕಲ್ ಕೊಂಡು, ಬಟ್ಟೆಯ ಗಂಟನ್ನು ಹಿಂದೆ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಒಂದು ಸಂಜೆ ತಿರುವಿನಲ್ಲಿ ಅವನ ಗಾಡಿ ಒಬ್ಬ ಮುದುಕನ ಕಾಲಿಗೆ ಬಡಿಯಿತು. "ಅಯ್ಯೋ, ನನ್ನ ಕಾಲು!" ಎಂದು ಮುದುಕ ಕೂಗಿಕೊಂಡ. ವ್ಯಾಪಾರಿ ಒಂದು ಗಳಿಗೆ ನಿಂತ. ಸುತ್ತ ನೋಡಿದ. ಯಾರೂ ಇರಲಿಲ್ಲ. ಹೆದರಿಕೆಯಾಯಿತು. ಗಾಡಿ ಓಡಿಸಿಕೊಂಡು ಹೊರಟುಹೋದ.

ಮರುದಿನ ಊರಲ್ಲಿದ್ದ ಅವನ ಅಂಗಡಿಯಲ್ಲಿ ಗಿರಾಕಿಗಳು ಅದೇ ಮಾತಾಡುತ್ತಿದ್ದರು. ಮುದುಕ ಗಾಡಿಯ ನಂಬರು ನೋಡಿಲ್ಲವಂತೆ, ಓಡಿಸಿದವನ ಮುಖ ನೋಡಿಲ್ಲವಂತೆ. ನೆಲಕ್ಕೆ ಬಿದ್ದವನಿಗೆ ಕಂಡದ್ದು ಗಾಡಿಯ ಫ್ರೇಮಿನ ಮೇಲಿದ್ದ ಹಳದಿ ಸ್ಟಿಕರ್ ಮಾತ್ರ.

ಅದು ಕಾರ್ಖಾನೆಯವರೇ ಅಂಟಿಸಿ ಕಳಿಸುವ ಸ್ಟಿಕರ್. ಆ ವರ್ಷ ಆ ಸೀಮೆಯಲ್ಲಿ ಯಾರು ಕೊಂಡರೂ ಅದೇ ಗಾಡಿ, ಅದೇ ಹಳದಿ ಸ್ಟಿಕರ್. ಆದರೆ ಜೀವ ಕೈಯಲ್ಲಿ ಹಿಡಿದುಕೊಂಡವನಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು! ಅಂಗಡಿ ಮುಚ್ಚಿ, ಗಾಡಿಯನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ ಕುಳಿತ. ಉಗುರಿನಿಂದ ಕೆರೆದ. ಬಿಸಿನೀರು ಸುರಿದ. ಸ್ಟಿಕರ್ ಹೋಯಿತು, ಅಂಟು ಉಳಿಯಿತು. ಸೀಮೆಎಣ್ಣೆಯ ಬಟ್ಟೆ ಹಿಡಿದು ಉಜ್ಜಿದ. ಅಂಟು ಹೋದ ಮೇಲೂ ಉಜ್ಜುತ್ತಲೇ ಇದ್ದ. ಹೆಂಡತಿ ಊಟಕ್ಕೆ ಕರೆದರೆ ಬೆಚ್ಚಿಬಿದ್ದ.

ಪೊಲೀಸರು ಬರಲಿಲ್ಲ. ಯಾರೂ ಬರಲಿಲ್ಲ. ಆದರೂ ಅಂಗಡಿಗೆ ಬಂದ ಹೆಂಗಸು ಹಳದಿ ಸೀರೆ ತೋರಿಸಿ ಎಂದರೆ ಸಾಕು, ಅವನ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಹಳದಿ ಬಟ್ಟೆ ಮಾರುವುದನ್ನೇ ಬಿಟ್ಟ.

ಒಂದು ದಿನ ಸಂತೆಗೆ ಹೋದ. ಬೇವಿನ ಮರದ ಕೆಳಗೆ ಗಾಡಿಗಳು ಸಾಲಾಗಿ ನಿಂತಿದ್ದವು. ಇವನೂ ತನ್ನದನ್ನು ನಿಲ್ಲಿಸಿ ಗಂಟು ಬಿಚ್ಚುತ್ತಿದ್ದ. ಆ ಮುದುಕನ ಮಗಳು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತಾ ಬಂದಳು. ಪ್ರತಿ ಗಾಡಿಗೂ ಹಳದಿ ಸ್ಟಿಕರ್ ಇತ್ತು. ಸೋತ ಮುಖ ಮಾಡಿಕೊಂಡು ಮುಂದೆ ಮುಂದೆ ಬರುತ್ತಿದ್ದವಳು ಇವನ ಗಾಡಿಯ ಮುಂದೆ ನಿಂತುಬಿಟ್ಟಳು.

"ಅಣ್ಣಾರ, ಇಲ್ಲಿ ಎಲ್ಲಾ ಗಾಡಿಗೂ ಆ ಸ್ಟಿಕರ್ ಐತಿ. ನಿಮ್ಮ ಗಾಡಿ ಇನ್ನೂ ಹೊಸದು. ಇದಕ್ಕಷ್ಟ ಯಾಕಿಲ್ಲರೀ?" ಎಂದು ಕೇಳಿದಳು.

"ತೊಳಿಯುವಾಗ ಹೋತು..." ಎಂದ. ಕೈಯಲ್ಲಿದ್ದ ಗಂಟು ಕೆಳಗೆ ಬಿತ್ತು. ಸುತ್ತ ಸೇರಿದ ಜನ ಗಾಡಿ ನೋಡುವುದನ್ನು ಬಿಟ್ಟು ಅವನ ಮುಖ ನೋಡತೊಡಗಿದರು.

ಅಜ್ಜನವರು ಕತೆ ನಿಲ್ಲಿಸಿದರು.

"ಅಯ್ಯೋ, ಎಂಥಾ ದಡ್ಡ! ಸ್ಟಿಕರ್ ಕೀಳದ ಸುಮ್ಮನಿದ್ದಿದ್ರ ಪಾರಾಗ್ತಿದ್ದ ಅಲ್ರೀ ಅಜ್ಜಾರ?" ಎಂದ ಅಡಿವೆಪ್ಪ.

ಅಜ್ಜನವರು ಅವನನ್ನೇ ನೋಡಿದರು.

"ಮುದುಕನ ಕಾಲು ಏನಾತು ಅಂತ ನೀನೂ ಕೇಳಲಿಲ್ಲ."