ಆರನೇ ಕಂಪ್ಯೂಟರ್

ಮಂಡ್ಯದ ಅಕ್ಕಿ ಗಿರಣಿಯೊಂದರಲ್ಲಿ ನಿಂಗರಾಜು ಗುಮಾಸ್ತ, ಹಾಡಿನ ಹುಚ್ಚ. ತನ್ನ ಸಂಬಳದಲ್ಲೇ ಅಂತರ್ಜಾಲದ ಅಂಗಡಿಯೊಂದರಿಂದ ಹಳೇ ಹಾಡುಗಳನ್ನು ಕೊಂಡಿದ್ದ. ಆ ಅಂಗಡಿಯ ಕಟ್ಟಳೆಯಂತೆ ಒಬ್ಬರು ಕೊಂಡ ಹಾಡು ಐದು ಕಂಪ್ಯೂಟರುಗಳಲ್ಲಿ ಮಾತ್ರ ನುಡಿಯುತ್ತದೆ. ಐದರಲ್ಲಿ ಒಂದನ್ನು ತೆಗೆಯದೆ ಆರನೆಯದು ಜಪ್ಪಯ್ಯ ಅಂದರೂ ಬಾಯಿ ಬಿಡದು.

ಒಂದು ಬೆಳಗ್ಗೆ ಯಜಮಾನ ಕೆಂಪಲಿಂಗೇಗೌಡರು ತಮ್ಮ ಹೊಸ ಕಂಪ್ಯೂಟರ್ ತಂದು ಅವನ ಮೇಜಿನ ಮೇಲೆ ಕುಕ್ಕಿದರು. ಗೌಡರು ಮನೆಯಳಿಯ. ಗಿರಣಿ ಅತ್ತೆಯದು, ಗತ್ತು ಮಾತ್ರ ಸ್ವಂತದ್ದು.

“ಲೇ, ನಿನ್ನ ಹಾಡೆಲ್ಲ ಇದಕ್ಕೂ ಹಾಕು. ಜಾಗ ಇಲ್ದಿದ್ರೆ ನಿಂದು ತೆಗಿ!”

“ನಂದು ಹೋದ ತಿಂಗಳೇ ತೆಗ್ದೆ ಗೌಡ್ರೇ, ನಿಮ್ಮ ಬಾಮೈದನಿಗೆ ಜಾಗ ಮಾಡೋಕೆ. ಈಗ ಐದೂ ನಿಮ್ಮ ಮನೆಯೋರವೇ.”

“ಹಂಗಾದ್ರೆ ನಮ್ಮತ್ತೇದು ಕಿತ್ತಾಕು. ಈ ವಯಸ್ಸಲ್ಲಿ ಮುದುಕಿಗ್ಯಾಕೆ ಹಾಡು?”

“ಆಗ್ಲಿ” ಅಂದ ನಿಂಗರಾಜು ಫೋನ್ ಎತ್ತಿದ. “ಅಮ್ಮಾವ್ರೇ, ನಿಮ್ಮ ಹಾಡಿನ ವಿಚಾರವಾಗಿ ಅಳಿಯಂದಿರು ಏನೋ ಹೇಳ್ಬೇಕಂತೆ.” ಫೋನನ್ನು ಗೌಡರ ಕೈಗಿಟ್ಟ.

ಗೌಡರ ಮೀಸೆ ಎರಡೂ ಕಡೆ ಜೋತುಬಿತ್ತು. “ಅತ್ತೆ... ಹಾಡು ಚೆಂದಾಗಿ ಕೇಳುಸ್ತದಾ ಅಂತ ವಿಚಾರಿಸೋಣ ಅಂತ...”

“ಕೇಳುಸ್ತದೆ ಅಳಿಯಂದ್ರೇ. ನೀವೂ ಹಾಕಿಸ್ಕೊಂಡ್ರಾ?”

“ಅಯ್ಯೋ ಇಲ್ಲ ಅತ್ತೆ! ನಂಗೆ ಹಾಡು ಅಂದ್ರೆ ಮೊದ್ಲಿಂದ್ಲೂ ಅಷ್ಟಕ್ಕಷ್ಟೆ!”