ಕದ್ದ ಮಗ್ಗಿ

"ನಮ್ಮ ಪಟ್ಟಣದಲ್ಲಿ ಸಾಹುಕಾರರ ಮಕ್ಕಳೂ ಸಾಣೆ ಹಿಡಿಯುವವರ ಮಕ್ಕಳೂ ಒಂದೇ ಸೂರಿನಡಿ ಓದುತ್ತಾರೆ" ಎಂದು ವಿಜಯಮಲ್ಲ ರಾಜ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಮಾತು ನಿಜವೇ. ಸೂರು ಒಂದೇ. ನಡುವೆ ಒಂದು ಗೋಡೆ ಇತ್ತು, ಅಷ್ಟೇ. ಜವಳಿ ಪೇಟೆಯ ಸಾಹುಕಾರ ಪದ್ಮಣ್ಣನವರು ಅದನ್ನು ಧರ್ಮಕಾರ್ಯವೆಂದು ಕಟ್ಟಿಸಿಕೊಟ್ಟಿದ್ದರು. ಈಚೆ ಪೇಟೆಯ ಮಕ್ಕಳು. ಆಚೆ ನೇಕಾರರ, ಕಲ್ಲುಕುಟಿಗರ ಮಕ್ಕಳು, ಅಜ್ಜಂದಿರ ಕಾಲದಲ್ಲೇ ಕಡಲಾಚೆಯಿಂದ ಬಂದು ಅರಮನೆಯ ಕುದುರೆ ಲಾಯ ನೋಡಿಕೊಂಡಿದ್ದ ಸಿದ್ದಿಗಳ ಮಕ್ಕಳು. ಮೇಷ್ಟ್ರು ಮಾತ್ರ ಒಬ್ಬರೇ. ಅವರು ಯಾವ ಕಡೆ ಕೂರುತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಮಗ್ಗಿಯನ್ನು ಈಚೆಯವರೆಲ್ಲರಿಂದಲೂ ಒಟ್ಟಿಗೆ ಗಂಟಲು ಹರಿಯುವಂತೆ ಕೂಗಿಸುವುದು ಆಗಿನ ಪದ್ಧತಿ. ಅದನ್ನು ತಡೆಯುವುದು ಗೋಡೆಯಿಂದಾಗಲಿಲ್ಲ.

ಒಂದು ದಿನ ರಾಜ ಶಾಲೆಗೆ ಬಂದ. ಪದ್ಮಣ್ಣನವರ ಮಗ ಧರಣೇಂದ್ರನನ್ನು ಎಬ್ಬಿಸಿ, "ಹದಿಮೂರೇಳ್ಲಿ?" ಎಂದು ಕೇಳಿದ.

ಹುಡುಗ ಮೇಲಿನ ತೊಲೆ ನೋಡಿದ. ಗೋಡೆಯಾಚೆಯಿಂದ ಉತ್ತರ ಬಂತು: "ತೊಂಬತ್ತೊಂದು!"

ಹೇಳಿದವಳು ಲಾಯದ ಯಾಕೂಬನ ಮಗಳು ಜೈನಬಿ.

ಮಾರನೆಯ ದಿನವೇ ಪದ್ಮಣ್ಣನವರು ಮಗನನ್ನು ಕರೆದುಕೊಂಡು ದರ್ಬಾರಿಗೆ ಬಂದರು. "ಮಹಾಪ್ರಭು, ಕಳ್ಳತನವಾಗಿದೆ! ನಮ್ಮ ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನು ಆಚೆಯವರು ಗೋಡೆಗೆ ಕಿವಿಯಿಟ್ಟು ಕದ್ದಿದ್ದಾರೆ. ಬಣ್ಣ ಬೇರೆ, ಭಾಷೆ ಬೇರೆ, ಮೈಮೇಲೆ ನೆಟ್ಟಗೊಂದು ಬಟ್ಟೆಯಿಲ್ಲ. ಅಂಥವರಿಗೆ ಹದಿಮೂರರ ಮಗ್ಗಿ ಏತಕ್ಕೆ? ಕಾನೂನಿನಂತೆ ಆಗಲಿ."

ಆ ರಾಜ್ಯದ ಕಾನೂನು ಹೀಗಿತ್ತು: ಕದ್ದ ಮಾಲನ್ನು ಹಿಂದಿರುಗಿಸಬೇಕು, ಆಗದಿದ್ದರೆ ಕಳ್ಳನ ಮನೆಮಂದಿಯೆಲ್ಲ ಊರು ಬಿಡಬೇಕು. ಮಗ್ಗಿಯನ್ನು ಯಾರು ಹೇಗೆ ಹಿಂದಿರುಗಿಸಿಯಾರು? ಪದ್ಮಣ್ಣನವರು ಧೈರ್ಯವಾಗಿದ್ದುದು ಅದಕ್ಕೇ.

ಯಾಕೂಬ ಮಗಳ ಕೈ ಹಿಡಿದು ಮೂಲೆಯಲ್ಲಿ ನಿಂತಿದ್ದ. ಮೂರು ತಲೆಮಾರಿನಿಂದ ಅದೇ ಲಾಯದಲ್ಲಿ ಬೆಳೆದ ಮನೆತನ. ಬೇರೆ ಊರನ್ನು ಅವನು ಕಂಡೇ ಇರಲಿಲ್ಲ.

ರಾಜ ತನ್ನ ಮಂತ್ರಿ ತಿಪ್ಪರಸನ ಮುಖ ನೋಡಿದ. ಆಸ್ಥಾನದಲ್ಲಿ ಪೇಚಿಗೆ ಸಿಕ್ಕಿದಾಗಲೆಲ್ಲ ಅವನು ನೋಡುತ್ತಿದ್ದುದು ಆ ಮುಖವನ್ನೇ.

ತಿಪ್ಪರಸ ಗಂಭೀರವಾಗಿ ಎದ್ದ. "ದೂರು ಸಣ್ಣದಲ್ಲ. ಮೊದಲು ಮಾಲು ಕಳುವಾಗಿದೆಯೋ ನೋಡೋಣ. ಧರಣೇಂದ್ರಪ್ಪ, ಹದಿಮೂರೆಂಟ್ಲಿ?"

ಹುಡುಗ ದರ್ಬಾರಿನ ತೊಲೆ ನೋಡಿದ.

"ಹೋಗಲಿ, ಹದಿಮೂರೆರಡ್ಲಿ?"

ತೊಲೆಯ ಮೇಲೆ ಏನೂ ಬರೆದಿರಲಿಲ್ಲ.

"ಅಯ್ಯೋ, ಪೂರ್ತಿ ಗುಡಿಸಿಕೊಂಡು ಹೋಗಿದ್ದಾರೆ!" ಎಂದ ತಿಪ್ಪರಸ. "ಏನಮ್ಮ ಜೈನಬಿ, ಹದಿಮೂರೆಂಟ್ಲಿ?"

ಅಪ್ಪ ಸುಮ್ಮನಿರೆಂದು ಕೈ ಅದುಮಿದ. "ನೂರಾ ನಾಲ್ಕು," ಎಂದಳು ಆ ಗಟ್ಟಿಗಿತ್ತಿ.

"ಮಾಲು ಸಿಕ್ಕಿತು. ಕಳ್ಳತನ ರುಜುವಾತಾಯಿತು." ತಿಪ್ಪರಸ ಪದ್ಮಣ್ಣನವರ ಕಡೆ ತಿರುಗಿದ. "ಅಥವಾ ನಿಮ್ಮ ಚಿರಂಜೀವಿಯ ಹತ್ತಿರ ಮಗ್ಗಿ ಮೊದಲಿಂದಲೂ ಇರಲೇ ಇಲ್ಲ ಅಂತ ಬರೆಸಿಬಿಡಲೇ?"

"ಇತ್ತು! ಇತ್ತು!" ಎಂದರು ಪದ್ಮಣ್ಣನವರು ಗಾಬರಿಯಿಂದ.

"ಹಾಗಾದರೆ ತೀರ್ಪು ಸುಲಭ. ಆಚೆಯ ಮಕ್ಕಳು ನಾಳೆಯಿಂದ ಈಚೆಯ ಮಕ್ಕಳ ಪಕ್ಕದಲ್ಲೇ ಕೂತು ಕದ್ದ ಪಾಠವನ್ನು ಹಿಂದಿರುಗಿಸಲಿ. ಅವರಲ್ಲೊಬ್ಬರು, ಇವರಲ್ಲೊಬ್ಬರು, ಜೋಡಿಯಾಗಿ. ಗೋಡೆ ಅಡ್ಡ ಇದ್ದರೆ ಮಾಲು ಸರಿಯಾಗಿ ಮುಟ್ಟುವುದಿಲ್ಲ, ಅದನ್ನು ಕೆಡವಬೇಕು. ಎಲ್ಲ ಮುಟ್ಟಿತೆಂದು ನಿಮ್ಮ ಮಗ ಒಪ್ಪಿಸಿ ತೋರಿಸಿದ ದಿನ ಶಿಕ್ಷೆ ಮುಗಿಯಿತು."

"ಪಕ್ಕದಲ್ಲೇ? ಎಷ್ಟು ದಿನ?"

"ಅದು ನಿಮ್ಮ ಮಗನಿಗೆ ಬಿಟ್ಟದ್ದು. ನನ್ನ ಅಂದಾಜಿನಲ್ಲಿ ಏಳೆಂಟು ವರ್ಷ."

ದರ್ಬಾರು ಬಿದ್ದು ಬಿದ್ದು ನಕ್ಕಿತು. ಪದ್ಮಣ್ಣನವರ ಮುಖ ಕೆಂಪೇರಿತು. "ಹಿಂದಿರುಗಿಸಿದ ಮೇಲೂ ಆ ಹುಡುಗಿಯ ಹತ್ತಿರ ಇದ್ದೇ ಇರುತ್ತಲ್ಲ! ಅದೆಂಥ ಹಿಂದಿರುಗಿಸುವುದು? ಕೊಟ್ಟ ಮೇಲೆ ಅವಳ ಹತ್ತಿರ ಒಂದಂಕಿಯೂ ಉಳಿಯಕೂಡದು!"

"ನ್ಯಾಯವಾದ ಮಾತು," ಎಂದ ತಿಪ್ಪರಸ, ನಗದೆ. "ಹಾಗೆ ಕೊಡುವುದು ಆ ಮಗುವಿಗೆ ಗೊತ್ತಿಲ್ಲ. ದೊಡ್ಡವರು ನೀವೇ ಒಮ್ಮೆ ತೋರಿಸಿಕೊಡಿ. ನಿಮ್ಮ ಹೆಸರನ್ನು ನನಗೆ ಹೇಳಿ. ಹೇಳಿದ ಮೇಲೆ ಅದು ನಿಮ್ಮ ಹತ್ತಿರ ಉಳಿಯಕೂಡದು."

ಪದ್ಮಣ್ಣನವರು ಬಾಯಿ ತೆರೆದರು. ಹೆಸರು ಹೇಳದೆ ಮುಚ್ಚಿಕೊಂಡರು.